ಬಚ್ಚಲುಮನೆ, ಕಬೋರ್ಡು, ಅಟ್ಟ: ಇರುವ ಮನೆಯಲ್ಲೇ ಜಾಗ ಮಾಡಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು ಕಡೆಯ ಹಳೆಯ ಮನೆ ಮತ್ತು ಫ್ಲ್ಯಾಟ್‌ಗಳಲ್ಲಿ ರಿಪೇರಿ ಮಾಡಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಹಾಕಿದ್ದೇವೆ. ಇದು ಹೊಸ ಮನೆ ಕಟ್ಟಿಸುವವರಿಗಲ್ಲ. 30x40 ಸೈಟಿನಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲೋ, ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲೋ ಇದ್ದುಕೊಂಡೇ ಕೆಲಸ ಮಾಡಿಸಬೇಕು ಅನ್ನುವವರಿಗೆ. ಅಳತೆಗಳೆಲ್ಲ ಅಡಿ, ಇಂಚಿನಲ್ಲಿವೆ. ಮೇಸ್ತ್ರಿ ಮಾತಾಡುವುದೂ ಹಾಗೇ ತಾನೇ.

ನಮ್ಮ ಬಚ್ಚಲುಮನೆ 5 ಅಡಿಗೆ 8 ಅಡಿ. ಗೋಡೆ ಒಡೆಯದೆ ಜಾಗ ಜಾಸ್ತಿ ಮಾಡಬಹುದಾ?

ಮಾಡಬಹುದು. ಮೊದಲು ಬಾಗಿಲು ನೋಡಿ. ಎರಡೂವರೆ ಅಡಿ ಅಗಲದ ಬಾಗಿಲು ಒಳಕ್ಕೆ ತೆರೆದರೆ ಅದು ತಿರುಗುವಷ್ಟು ನೆಲದಲ್ಲಿ ಏನನ್ನೂ ಇಡುವ ಹಾಗಿಲ್ಲ. 40 ಚದರಡಿಯಲ್ಲಿ ಸುಮಾರು 5 ಚದರಡಿ ಹೀಗೇ ಹೋಗುತ್ತದೆ. ಅದೇ ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ಮಾಡಿಸಿದರೆ ಬಾಗಿಲ ಹಿಂದಿನ ಗೋಡೆ ಪೂರ್ತಿ ಕೈಗೆ ಸಿಗುತ್ತದೆ. ಹೊರಗೆ ಓಡಾಡುವ ಜಾಗ ಕಿರಿದಾಗಿದ್ದರೆ ಗೋಡೆಯ ಮೇಲೆ ಸರಿಯುವ ಸ್ಲೈಡಿಂಗ್ ಬಾಗಿಲು ಹಾಕಿಸಿ.

ಆಮೇಲೆ ಬಕೆಟ್. ಅಂಗಡಿಯವರು ತೋರಿಸುವ ಕ್ಯಾಟಲಾಗ್ ತಿರುವಿ ನೋಡಿ, ಯಾವ ಫೋಟೋದಲ್ಲೂ ಬಕೆಟ್ ಇರುವುದಿಲ್ಲ. ಚೊಂಬಿಲ್ಲ, ಕೂರುವ ಮಣೆ ಇಲ್ಲ, ಬಟ್ಟೆ ಉಜ್ಜುವ ಬ್ರಷ್ ಇಲ್ಲ, ನೆನೆಹಾಕಿದ ಬಟ್ಟೆಯ ಟಬ್ ಇಲ್ಲ, ನೆಲ ತೊಳೆಯುವ ಪೊರಕೆಯಂತೂ ಇಲ್ಲವೇ ಇಲ್ಲ. ನಮ್ಮ ಮನೆಗಳಲ್ಲಿ ಇವೆಲ್ಲ ಇವೆ, ನಾಳೆಯೂ ಇರುತ್ತವೆ. ಹಾಗಾಗಿ ಕಮೋಡು ಯಾವ ಕಂಪನಿಯದ್ದು ಅಂತ ಯೋಚಿಸುವ ಮುಂಚೆ ಒಂದು ಬೆಳಿಗ್ಗೆ ಎಲ್ಲರ ಸ್ನಾನ ಆದ ಮೇಲೆ ಬಾಗಿಲಲ್ಲಿ ನಿಂತು ನೆಲದ ಮೇಲೆ ಏನೇನು ಬಿದ್ದಿದೆ ಅಂತ ಬರೆದುಕೊಳ್ಳಿ. ಆ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಒಂದು ಜಾಗ ಗೊತ್ತು ಮಾಡುವುದೇ ರಿನೋವೇಷನ್. ಎರಡು ಬಕೆಟ್‌ಗೆ ನಲ್ಲಿಯ ಕೆಳಗೆ ಅಕ್ಕಪಕ್ಕ ಜಾಗ, ಮಣೆ ನೇತುಹಾಕಲು ಒಂದು ಗಟ್ಟಿ ಕೊಕ್ಕೆ, ಪೊರಕೆ, ಬ್ರಷ್‌ಗೆ ಬಾಗಿಲ ಹಿಂದೆ ಕ್ಲಿಪ್. ಇಷ್ಟು ಮಾಡಿದರೆ ಅದೇ ಬಚ್ಚಲು ದೊಡ್ಡದಾಗಿ ಕಾಣುತ್ತದೆ.

ಉಳಿದದ್ದು ಸಾಲು. ಬಾಗಿಲ ಹತ್ತಿರ ವಾಶ್ ಬೇಸಿನ್, ನಡುವೆ ಕಮೋಡು, ಕೊನೆಯಲ್ಲಿ ಸ್ನಾನ. ಒಣಗಿದ ಕಡೆಯಿಂದ ಒದ್ದೆ ಕಡೆಗೆ ಹೋಗಬೇಕು. ಸ್ನಾನದ ಜಾಗಕ್ಕೆ 3 ಅಡಿಗೆ 3 ಅಡಿಗಿಂತ ಕಡಿಮೆ ಬಿಟ್ಟರೆ ಬಕೆಟ್ ಇಟ್ಟುಕೊಂಡು ಕೂತು ಸ್ನಾನ ಮಾಡುವವರಿಗೆ ಮೊಣಕೈ ಗೋಡೆಗೆ ತಾಗುತ್ತದೆ.

ಗ್ಲಾಸ್ ಪಾರ್ಟಿಷನ್ ಹಾಕಿಸಬೇಕಾ?

ಬೋರ್‌ವೆಲ್ ನೀರಿನ ಮನೆಯಾದರೆ ನಮ್ಮ ಸಲಹೆ ಬೇಡ ಅಂತಲೇ. ಗಡಸು ನೀರು ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಪ್ರತಿ ಸ್ನಾನದ ನಂತರ ವೈಪರ್ ಎಳೆಯುವ ಶಿಸ್ತು ಮನೆಯವರಿಗೆಲ್ಲ ಇದ್ದರೆ ಸರಿ, ಇಲ್ಲದಿದ್ದರೆ ಆರು ತಿಂಗಳಿಗೆ ಅದು ಗಾಜು ಅಂತಲೇ ಅನ್ನಿಸುವುದಿಲ್ಲ. ಹಾಕಿಸಲೇಬೇಕು ಅಂದರೆ 8 ಅಥವಾ 10 ಎಂಎಂ ಟಫನ್ಡ್ ಗಾಜಿನ ಒಂದೇ ಹಲಗೆ ಸಾಕು, ಬಾಗಿಲು ಬೇಡ. ಬೇಸಿನ್ ಕಡೆಗೆ ನೀರು ಸಿಡಿಯದಿದ್ದರೆ ಆಯಿತಲ್ವಾ. ಸ್ನಾನದ ಜಾಗವನ್ನು ಅರ್ಧ ಇಂಚು ತಗ್ಗಿಸಿ, ನಡುವೆ ಒಂದು ಗ್ರಾನೈಟ್ ಪಟ್ಟಿ ಕೂರಿಸಿ, ಮೇಲೆ ಕರ್ಟನ್ ರಾಡ್ ಹಾಕಿದರೂ ಬಹುಮಟ್ಟಿಗೆ ಅದೇ ಕೆಲಸ ಆಗುತ್ತದೆ. ಖರ್ಚು ತೀರಾ ಕಡಿಮೆ.

ಬೆಡ್‌ರೂಮಿನ ಕಬೋರ್ಡು, ಅಟ್ಯಾಚ್ಡ್ ಬಾತ್‌ರೂಮು ಎರಡನ್ನೂ ಮಾಡಿಸಬೇಕು. ಯಾವುದು ಮೊದಲು?

ಬಚ್ಚಲು ಮೊದಲು, ಅನುಮಾನವೇ ಬೇಡ. ಕಾರಣ ಧೂಳು ಮಾತ್ರ ಅಲ್ಲ. ನಮ್ಮ ಫ್ಲ್ಯಾಟ್‌ಗಳಲ್ಲಿ ಬೆಡ್‌ರೂಮಿನ ಕಬೋರ್ಡು ಮತ್ತು ಬಚ್ಚಲುಮನೆ ಎಷ್ಟೋ ಸಲ ಒಂದೇ ಗೋಡೆಗೆ ಬೆನ್ನು ಕೊಟ್ಟಿರುತ್ತವೆ. ಆ ಕಡೆ ಶವರ್, ಈ ಕಡೆ ಸೀರೆ. ನಡುವೆ ಬರೀ 4 ಇಂಚಿನ ಬ್ಲಾಕ್ ಗೋಡೆ.

ಒಂದು ಕೆಲಸ ಮಾಡಿ. ಕಬೋರ್ಡಿನ ಕೆಳಗಿನ ಖಾನೆ ಪೂರ್ತಿ ಖಾಲಿ ಮಾಡಿ, ಮೊಬೈಲ್ ಟಾರ್ಚ್ ಹಿಡಿದು ಹಿಂದಿನ ಹಲಗೆ ನೋಡಿ. ಲ್ಯಾಮಿನೇಟ್ ಗುಳ್ಳೆ ಎದ್ದಿದೆಯಾ? ಮೂಲೆಯಲ್ಲಿ ಉಪ್ಪಿನ ಥರ ಬಿಳಿ ಪುಡಿ ಉದುರಿದೆಯಾ? ಬೆರಳಿಂದ ಒತ್ತಿದರೆ ಪ್ಲೈವುಡ್ ಮೆತ್ತಗಿದೆಯಾ? ತಳದಲ್ಲಿದ್ದ ಸೀರೆಯ ಮಡಿಕೆಯಲ್ಲಿ ಹಳದಿ ಕಲೆ ಇದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಬಚ್ಚಲಿನ ನೀರು ಗೋಡೆಗೆ ಇಳಿಯುತ್ತಿದೆ ಅಂತಲೇ ಅನುಮಾನಪಡಬೇಕು. ಅದನ್ನು ಸರಿಮಾಡದೆ ಹೊಸ ಕಬೋರ್ಡು ಮಾಡಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೇ. ಬಚ್ಚಲು ಮುಗಿದ ಮೇಲೂ ಆ ಗೋಡೆ ಒಣಗಲು ಕೆಲವು ವಾರ ಬಿಡಿ. ಕಬೋರ್ಡನ್ನು ಗೋಡೆಗೆ ಅಂಟಿಸದೆ ಒಂದಿಂಚು ಗಾಳಿಯಾಡುವ ಹಾಗೆ ಕೂರಿಸಿ.

ವಾಟರ್‌ಪ್ರೂಫಿಂಗ್ ಅಂದರೆ ಪೇಂಟ್ ಥರ ಒಂದು ಕೋಟ್ ಬಳಿಯುತ್ತಾರೆ, ಅಷ್ಟೇನಾ?

ಅಷ್ಟೇ ಮಾಡಿ ಹೋಗುವವರು ಇದ್ದಾರೆ. ಆದರೆ ಕ್ರಮ ಬೇರೆ ಇದೆ, ಇದೊಂದರಲ್ಲಿ ಅವಸರ ಮಾಡಬೇಡಿ. ಫ್ಲ್ಯಾಟ್‌ಗಳಲ್ಲಿ ಬಚ್ಚಲಿನ ಸ್ಲ್ಯಾಬ್ ಅನ್ನು ಹೆಚ್ಚಾಗಿ ತಗ್ಗಿಸಿ ಕಟ್ಟಿರುತ್ತಾರೆ. ಆ ಹೊಂಡದಲ್ಲಿ ಪೈಪು ಎಳೆದು, ಮೇಲೆ ಇಟ್ಟಿಗೆ ಚೂರು, ಸಿಂಡರ್ ಏನೋ ಒಂದು ತುಂಬಿ, ಟೈಲ್ಸ್ ಹಾಕಿರುತ್ತಾರೆ. ಟೈಲ್ಸ್ ಸಂದಿನಿಂದ ಇಳಿದ ನೀರು ವರ್ಷಗಟ್ಟಲೆ ಆ ಹೊಂಡದಲ್ಲೇ ನಿಂತಿರುತ್ತದೆ. ಕೆಳಮನೆಯವರ ಸೀಲಿಂಗ್‌ನಲ್ಲಿ ಕಲೆ ಬಂದಾಗಲೇ ಗೊತ್ತಾಗುವುದು.

ಹಾಗಾಗಿ ಹಳೇ ಟೈಲ್ಸ್ ಕಿತ್ತು, ಹೊಂಡದಲ್ಲಿ ತುಂಬಿದ್ದನ್ನೂ ತೆಗೆಸಿ, ಸ್ಲ್ಯಾಬ್ ಕಾಣುವವರೆಗೆ ಹೋಗಬೇಕು. ಹಳೆಯ ಮನೆಯಲ್ಲಿ ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇದ್ದರೆ ಈಗಲೇ ಬದಲಿಸಿ, ಬಿಸಿನೀರಿಗೆ ಸಿಪಿವಿಸಿ, ಅಂದರೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು. ನೆಲ, ಗೋಡೆ ಸೇರುವ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿಸಿ, ಕೋಟಿಂಗ್ ಬಿರುಕು ಬಿಡುವುದು ಆ ಮೂಲೆಯಲ್ಲೇ. ಪೈಪು ಸ್ಲ್ಯಾಬ್ ತೂರುವ ಕಡೆ ಸುತ್ತ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿಸಿ. ಆಮೇಲೆ ಕೋಟಿಂಗ್ ಎರಡು ಸಲ, ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಗೋಡೆಯ ಮೇಲೆ ಎಲ್ಲ ಕಡೆ ಒಂದಡಿ, ಶವರ್ ಇರುವ ಕಡೆ ತಲೆಯ ಮಟ್ಟಕ್ಕಿಂತ ಮೇಲಿನವರೆಗೆ.

ಕೋಟಿಂಗ್ ಒಣಗಿದ ಮೇಲೆ ನೆಲದ ತೂತುಗಳನ್ನು ಮುಚ್ಚಿ, ಎರಡು ಮೂರು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ 48 ಗಂಟೆ ಬಿಡಿ. ಕೆಳಮನೆಯವರ ಬಚ್ಚಲಿಗೆ ಹೋಗಿ ಸೀಲಿಂಗ್ ನೋಡಿಕೊಂಡು ಬನ್ನಿ, ಹೆಂಗೂ ಅವರ ಜೊತೆ ಮಾತು ಚೆನ್ನಾಗಿದ್ದರೆ ಒಳ್ಳೆಯದು. "ಸಾರ್, ಎರಡು ದಿನ ಸುಮ್ನೆ ಕೂರಬೇಕಾಗುತ್ತೆ" ಅಂತ ಟೈಲ್ಸ್ ಕೆಲಸದವರು ಗೊಣಗುತ್ತಾರೆ. ಗೊಣಗಲಿ.

ಇನ್ನೊಂದು, ಟೈಲ್ಸ್ ಮುಚ್ಚುವ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು, ಪೈಪು ಎಲ್ಲಿ ಹೋಗಿದೆ ಅಂತ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಶೆಲ್ಫ್ ಹಾಕಲು ಡ್ರಿಲ್ ಹಿಡಿದ ದಿನ ಬೆಲೆ ಗೊತ್ತಾಗುತ್ತದೆ.

ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಬಹುದಾ?

ಸೋರಿಕೆ ಇಲ್ಲದಿದ್ದರೆ, ನಾಣ್ಯದಿಂದ ಬಡಿದಾಗ ಹಳೇ ಟೈಲ್ಸ್ ಟೊಳ್ಳು ಸದ್ದು ಮಾಡದಿದ್ದರೆ, ಅಂಟಿಸಬಹುದು. ಸಿಮೆಂಟಿನಲ್ಲಿ ಅಲ್ಲ, ಅದಕ್ಕೇ ಇರುವ ಟೈಲ್ ಅಡ್ಹೆಸಿವ್‌ನಲ್ಲಿ. ನೆಲ ಅರ್ಧ ಇಂಚಿನಷ್ಟು ಏರುತ್ತದೆ, ಬಾಗಿಲಿನ ಕೆಳಗೆ ಕೊಯ್ಯಬೇಕಾಗುತ್ತದೆ, ಹೊಸ್ತಿಲ ಮಟ್ಟ ನೋಡಿಕೊಳ್ಳಿ. ಸೋರಿಕೆ ಇದ್ದರೆ ಈ ದಾರಿಯೇ ಬೇಡ.

ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ, ಮ್ಯಾಟ್ ಅಥವಾ ಆಂಟಿ ಸ್ಕಿಡ್ ತಗೊಳ್ಳಿ. ಚಿಕ್ಕ ಬಚ್ಚಲಿಗೆ 1 ಅಡಿಯ ಟೈಲ್ಸ್ ವಾಸಿ, ಇಳಿಜಾರು ಕೊಡಲು ಸುಲಭ. ಎಂಟು ಅಡಿ ಉದ್ದಕ್ಕೆ ಸುಮಾರು ಒಂದು ಇಂಚು ಇಳಿಜಾರು ಇರಲಿ. ಟೈಲ್ಸ್ ಹಾಕಿದ ದಿನವೇ ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ, ಗಾರೆ ಹಸಿ ಇರುವಾಗಲೇ ಹೇಳಿದರೆ ಸರಿಮಾಡುತ್ತಾರೆ. ಸಂದಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ, ಸಿಮೆಂಟ್ ಗ್ರೌಟ್‌ಗಿಂತ ದುಬಾರಿ ನಿಜ, ಆದರೆ ನೀರು ಹೀರುವುದಿಲ್ಲ, ಬೇಗ ಕಪ್ಪಾಗುವುದೂ ಇಲ್ಲ.

ಕಮೋಡಿನ ಜಾಗ ಬದಲಿಸಬೇಕು, ವಾಸ್ತು ಪ್ರಕಾರ ಸರಿ ಇಲ್ಲವಂತೆ.

ವಾಸ್ತು ನಿಮ್ಮ ನಂಬಿಕೆ, ಅದಕ್ಕೆ ನಾವು ಉತ್ತರ ಹೇಳುವುದಿಲ್ಲ. ಪೈಪಿನ ಕಥೆ ಹೇಳುತ್ತೇವೆ. ಕಮೋಡಿನ 4 ಇಂಚಿನ ಪೈಪು ಡಕ್ಟ್‌ಗೆ (ಎಲ್ಲ ಮನೆಯ ಪೈಪು ಇಳಿಯುವ ಕಿಂಡಿಗೆ) ಹೋಗುವ ದಾರಿ ಗಟ್ಟಿಯಾಗಿ ಕೂತಿರುತ್ತದೆ. ಅದರಿಂದ ದೂರ ಸರಿಸಿದಷ್ಟೂ ಇಳಿಜಾರಿಗಾಗಿ ನೆಲ ಎತ್ತರಿಸಬೇಕು. ಕೊನೆಗೆ ಬಚ್ಚಲಿಗೆ ಮೆಟ್ಟಿಲು ಹತ್ತಿ ಹೋಗಬೇಕಾಗುತ್ತದೆ, ವಯಸ್ಸಾದವರಿದ್ದರೆ ಅದೇ ದೊಡ್ಡ ದೋಷ. ದಿಕ್ಕು ಮಾತ್ರ ಬದಲಿಸಬೇಕಿದ್ದರೆ ಅದೇ ಜಾಗದಲ್ಲಿ ತಿರುಗಿಸಲು ಆಗುತ್ತದಾ ಅಂತ ಪ್ಲಂಬರ್ ಹತ್ತಿರ ಕೇಳಿ.

ಹೊಸ ಕಮೋಡು ಕೊಳ್ಳುವ ಮುಂಚೆ ಪೈಪು ನೆಲಕ್ಕೆ ಹೋಗಿದೆಯೋ ಗೋಡೆಗೆ ಹೋಗಿದೆಯೋ ನೋಡಿ. ನೆಲಕ್ಕಾದರೆ ಎಸ್ ಟ್ರ್ಯಾಪ್, ಗೋಡೆಗಾದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಟೈಲ್ಸ್ ಹಾಕಿದ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಎಷ್ಟು ಇಂಚು ಅಂತ ಅಳೆದುಕೊಂಡೇ ಅಂಗಡಿಗೆ ಹೋಗಿ. ಅಂಗಡಿಯಲ್ಲಿ 9 ಇಂಚಿನದ್ದು, 12 ಇಂಚಿನದ್ದು ಬೇರೆ ಬೇರೆ.

ಗೋಡೆಗೆ ನೇತುಹಾಕುವ ಕಮೋಡಿನಿಂದ ಜಾಗ ಉಳಿಯುತ್ತೆ ಅಂತಾರಲ್ಲ?

ನೆಲ ಖಾಲಿ ಕಾಣುತ್ತದೆ, ಒರೆಸಲು ಸುಲಭ, ಅದು ನಿಜ. ಆದರೆ ಅದರ ಫ್ಲಶ್ ಟ್ಯಾಂಕು ಮತ್ತು ಕಬ್ಬಿಣದ ಫ್ರೇಮು ಮುಚ್ಚಲು 5-6 ಇಂಚಿನ ಇನ್ನೊಂದು ಗೋಡೆ ಬೇಕು. ಹಾಗಾಗಿ ಉಳಿತಾಯ ಅಂತ ಲೆಕ್ಕ ಹಾಕಬೇಡಿ. ಇದರಲ್ಲಿ ನಿಜವಾದ ಲಾಭ ಬೇರೆ ಇದೆ. ಆ ಚಿಕ್ಕ ಗೋಡೆಯನ್ನು ಮೂರೂವರೆ, ನಾಲ್ಕು ಅಡಿಗೆ ನಿಲ್ಲಿಸಿ ಮೇಲೆ ಗ್ರಾನೈಟ್ ಹಲಗೆ ಹಾಕಿಸಿ, ಬಚ್ಚಲಿನ ಉದ್ದಕ್ಕೂ ಮುಂದುವರಿಸಿದರೆ ಶಾಂಪೂ, ಸೋಪು, ಸೀಗೆಪುಡಿ ಡಬ್ಬ, ಎಣ್ಣೆ ಬಾಟಲಿ ಎಲ್ಲಕ್ಕೂ ಒಂದೇ ಉದ್ದ ಕಟ್ಟೆ ಸಿಗುತ್ತದೆ.

ಶವರ್ ಹತ್ತಿರ ಗೋಡೆಯಲ್ಲೇ ಗೂಡು ಮಾಡಿಸಬಹುದಾ?

ಗೋಡೆ ಯಾವುದು ಅನ್ನುವುದರ ಮೇಲೆ. 6 ಇಂಚು ಅಥವಾ ಅದಕ್ಕಿಂತ ದಪ್ಪದ ಬ್ಲಾಕ್ ಗೋಡೆಯಲ್ಲಿ 3-4 ಇಂಚು ಆಳದ ಗೂಡು ಕೊರೆಯಬಹುದು. 4 ಇಂಚಿನ ಗೋಡೆಯಲ್ಲಿ ಕೊರೆದರೆ ಆ ಕಡೆ ಬೆಡ್‌ರೂಮು ಕಾಣುತ್ತದೆ. ಪಿಲ್ಲರ್, ಬೀಮ್ ಮುಟ್ಟಲೇಬಾರದು. ಈಚಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಅಲ್ಯೂಮಿನಿಯಂ ಅಚ್ಚು ಇಟ್ಟು ಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ದಿರುತ್ತಾರೆ, ಮೈವಾನ್ ಅನ್ನುತ್ತಾರಲ್ಲ, ಅದು. ಅಲ್ಲಿ ಗೋಡೆಯೇ ಕಟ್ಟಡದ ಭಾರ ಹೊತ್ತಿರುತ್ತದೆ, ಗೂಡು ಇರಲಿ ಪೈಪಿಗಾಗಿ ಕೊರೆಯುವುದೂ ತಪ್ಪು.

ಮಾಡಿಸುವುದಾದರೆ ಗೂಡಿನ ಅಳತೆ ಟೈಲ್ಸ್ ಅಳತೆಗೆ ಹೊಂದಲಿ, 1 ಅಡಿಗೆ 2 ಅಡಿ ಟೈಲ್ಸ್ ಆದರೆ ಗೂಡೂ ಅಷ್ಟೇ. ಕೆಳಗಿನ ಹಲಗೆ ಮುಂದಕ್ಕೆ ಸ್ವಲ್ಪ ಇಳಿಜಾರಿರಲಿ, ಇಲ್ಲದಿದ್ದರೆ ಸೋಪು ಸದಾ ಲೋಳೆಯಲ್ಲೇ ಇರುತ್ತದೆ. ಗೂಡಿನ ಒಳಗೂ ವಾಟರ್‌ಪ್ರೂಫಿಂಗ್ ಹೊಡೆಸಿ, ಮೇಸ್ತ್ರಿಗಳು ಮರೆಯುವುದು ಇದನ್ನೇ.

ಬೇಸಿನ್ ಕೆಳಗೆ, ಕನ್ನಡಿ ಹಿಂದೆ?

ಎರಡೂ ಒಳ್ಳೆಯ ಜಾಗ. ಕನ್ನಡಿಯ ಬದಲು 5 ಇಂಚು ಆಳದ ಕನ್ನಡಿ ಬಾಗಿಲಿನ ಪೆಟ್ಟಿಗೆ ಹಾಕಿಸಿದರೆ ಬ್ರಷ್, ಪೇಸ್ಟ್, ಶೇವಿಂಗ್ ಸಾಮಾನು ಒಳಗೆ ಹೋಗುತ್ತದೆ. ಔಷಧಿ ಮಾತ್ರ ಬಚ್ಚಲಿನಲ್ಲಿ ಬೇಡ, ಹಬೆಗೆ ಹಾಳಾಗುತ್ತದೆ. ಬೇಸಿನ್ ಕೆಳಗಿನ ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಮುಕ್ಕಾಲು ಅಡಿ ಮೇಲೆ ತೂಗುಹಾಕಿ, ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು) ಅಥವಾ ಪಿವಿಸಿ ಹಲಗೆಯಲ್ಲಿ ಮಾಡಿಸಿ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಬೇಡವೇ ಬೇಡ, ನೀರು ಕುಡಿದು ಉಬ್ಬುತ್ತದೆ.

ಗೀಸರ್ ಎಷ್ಟು ಜಾಗ ತಿನ್ನುತ್ತೆ! ಏನು ಮಾಡೋಣ?

ಬಾಗಿಲ ಮೇಲೆ, ಏಳಡಿ ಎತ್ತರದಲ್ಲಿ ಚಿಕ್ಕ ಅಟ್ಟ ಇದ್ದರೆ ಅಡ್ಡ ಮಲಗಿಸುವ ಮಾದರಿಯ ಗೀಸರ್ ಅಲ್ಲಿ ಇಡಬಹುದು. ನಿಲ್ಲಿಸುವ ಮಾದರಿಯದ್ದನ್ನೇ ಮಲಗಿಸಬಾರದು, ಒಳಗಿನ ಪೈಪಿನ ಜೋಡಣೆಯೇ ಬೇರೆ. 25 ಲೀಟರಿನ ಗೀಸರ್‌ನಲ್ಲಿ ನೀರೇ 25 ಕೆಜಿ, ಮೇಲೆ ಅದರ ತೂಕ, ಹಾಗಾಗಿ ಟೊಳ್ಳು ಬ್ಲಾಕಿಗೆ ಸಾಧಾರಣ ಸ್ಕ್ರೂ ಹೊಡೆದು ನೇತುಹಾಕಬೇಡಿ. 16 ಆಂಪಿಯರ್ ಪಾಯಿಂಟ್, 4 ಚದರ ಎಂಎಂ ತಂತಿ, ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್. ಹಳೆಯ ಮನೆಗಳಲ್ಲಿ ಇದು ಇರುವುದೇ ಇಲ್ಲ, ಸ್ಟೋರೇಜ್ ಆಮೇಲೆ, ಮೊದಲು ಇದನ್ನು ಹಾಕಿಸಿ.

ಫಾಲ್ಸ್ ಸೀಲಿಂಗ್ ಹಾಕಿಸಿ ಗೀಸರ್ ಮುಚ್ಚುವುದಾದರೆ ಬಿಚ್ಚಿ ತೆಗೆಯುವ ಮುಚ್ಚಳ ಬಿಡಿಸಿ. ಮೇಲ್ಮನೆಯವರ ಪೈಪೂ ಅಲ್ಲೇ ಇರುತ್ತದೆ. ಮಾಮೂಲಿ ಜಿಪ್ಸಮ್ ಬೇಡ, ಪಿವಿಸಿ ಅಥವಾ ಅಲ್ಯೂಮಿನಿಯಂ ಸಾಕು.

ವಾಷಿಂಗ್ ಮಷಿನ್ ಬಚ್ಚಲಿನಲ್ಲಿ ಇಡಬಹುದಾ?

2 ಅಡಿ ಚೌಕದ ಒಣ ಜಾಗ, ಎತ್ತರದಲ್ಲಿ ಮುಚ್ಚಳವಿರುವ ಪಾಯಿಂಟು, ಪ್ರತ್ಯೇಕ ಡ್ರೈನು ಇದ್ದರೆ ಇಡಬಹುದು. ಫ್ರಂಟ್ ಲೋಡ್ ಆದರೆ ಮೇಲೆ ಗ್ರಾನೈಟ್ ಹಾಕಿ ಬಟ್ಟೆ ಮಡಚುವ ಕಟ್ಟೆ ಮಾಡಿಕೊಳ್ಳಿ. ಶವರ್ ನೀರು ಸಿಡಿಯುವಷ್ಟು ಹತ್ತಿರವಾದರೆ ಬೇಡ, ಯುಟಿಲಿಟಿಯಲ್ಲೇ ಇರಲಿ.

ಅಪ್ಪ ಅಮ್ಮ ಜೊತೆಗಿದ್ದಾರೆ. ಏನು ಗಮನಿಸಬೇಕು?

ಬಾಗಿಲು ಹೊರಕ್ಕೇ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ, ಅವರೇ ಅಡ್ಡ ಇರುತ್ತಾರೆ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿ. ಕಮೋಡಿನ ಪಕ್ಕ ಮತ್ತು ಸ್ನಾನದ ಕಡೆ ಸ್ಟೀಲ್ ಹಿಡಿಕೆ ಬೇಕು, ಟವೆಲ್ ರಾಡ್ ಅಲ್ಲ, ಅದು ಮೈಭಾರಕ್ಕೆ ಕಿತ್ತು ಬರುತ್ತದೆ. ಎತ್ತರ ಅವರನ್ನೇ ನಿಲ್ಲಿಸಿ, ಕೂರಿಸಿ ಗುರುತು ಮಾಡಿ. ಅವರು ದಿನಾ ಬಳಸುವುದೆಲ್ಲ ಸೊಂಟದಿಂದ ಭುಜದ ಮಟ್ಟದೊಳಗೆ ಇರಲಿ, ಬಗ್ಗುವುದೂ ಬೇಡ, ಏಣಿ ಹಾಕುವುದೂ ಬೇಡ.

ಇನ್ನು ಕಬೋರ್ಡ್ ವಿಷಯ. ಆಳ ಎಷ್ಟಿರಬೇಕು? ಸ್ಲೈಡಿಂಗ್ ಒಳ್ಳೆಯದಾ?

ಹ್ಯಾಂಗರ್ ಅಗಲ ಒಂದೂವರೆ ಅಡಿ, ಅದಕ್ಕೆ ಬಟ್ಟೆಯ ತೋಳು ಸೇರಿಸಿ. ಹಾಗಾಗಿ ನೇತುಹಾಕುವ ಭಾಗಕ್ಕೆ 22 ರಿಂದ 24 ಇಂಚು ಆಳ ಬೇಕು. ಮಡಚಿಡುವ ಬಟ್ಟೆಗೆ 16 ಇಂಚು ಸಾಕು. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಎರಡಡಿ ಆಳದ ಖಾನೆಯಲ್ಲಿ ಹಿಂದಿನ ಸಾಲಿನ ಬಟ್ಟೆ ಮುಂದಿನ ಸಾಲಿನ ಹಿಂದೆ ಮರೆತೇ ಹೋಗುತ್ತದೆ, ಮುಂದಿನ ದೀಪಾವಳಿಗೆ ಸಿಕ್ಕಿದಾಗ "ಅಯ್ಯೋ ಇದಿತ್ತಾ" ಅನ್ನಬೇಕು.

ಮಂಚ ಮತ್ತು ಕಬೋರ್ಡಿನ ನಡುವೆ ಎರಡಡಿಗಿಂತ ಕಡಿಮೆ ಇದ್ದರೆ ಮಾತ್ರ ಸ್ಲೈಡಿಂಗ್ ಕಡೆ ನೋಡಿ. ಅದರ ಹಳಿಯೇ 3-4 ಇಂಚು ಆಳ ತಿನ್ನುತ್ತದೆ, ಒಂದು ಸಲಕ್ಕೆ ಅರ್ಧ ಕಬೋರ್ಡು ಮಾತ್ರ ತೆರೆಯುತ್ತದೆ, ಹಳಿಯಲ್ಲಿ ಧೂಳು ಕೂರುತ್ತದೆ. ಮಾಮೂಲಿ ತೆರೆಯುವ ಬಾಗಿಲಾದರೆ ಅದರ ಒಳಮೈಯನ್ನೂ ಬಳಸಬಹುದು, ದುಪಟ್ಟಾ, ಬೆಲ್ಟು, ಬಳೆ ಎಲ್ಲ ಅಲ್ಲಿಗೆ.

ಒಳಗಿನ ಖಾನೆ ಮಾಡಿಸುವ ಮುಂಚೆ ಬಟ್ಟೆ ಎಲ್ಲ ಮಂಚದ ಮೇಲೆ ಸುರಿದು ನೋಡಿ. ಶರ್ಟ್ ನೇತುಹಾಕಲು ಮೂರೂವರೆ ಅಡಿ ಎತ್ತರ ಸಾಕು, ಕೆಳಗೆ ಇನ್ನೊಂದು ರಾಡ್ ಹಿಡಿಯುತ್ತದೆ. ಮಡಚಿದ್ದಕ್ಕೆ ಖಾನೆಯ ಎತ್ತರ ಒಂದಡಿಯಿಂದ 14 ಇಂಚು. ಅದಕ್ಕಿಂತ ಎತ್ತರ ಕೊಟ್ಟರೆ ಗುಡ್ಡೆ ಬೀಳುತ್ತದೆ.

ಹಳೇ ಮನೆ, ಗೋಡೆಯಲ್ಲಿ ಕಡಪ ಕಲ್ಲಿನ ಶೆಲ್ಫ್ ಇದೆ. ಒಡೆಸಿ ಹಾಕಬೇಕಾ?

ದಯವಿಟ್ಟು ಬೇಡ. ಗೆದ್ದಲು ತಿನ್ನುವುದಿಲ್ಲ, ನೀರಿಗೆ ಉಬ್ಬುವುದಿಲ್ಲ, ಎಷ್ಟು ಭಾರ ಇಟ್ಟರೂ ಬಾಗುವುದಿಲ್ಲ, ಇವತ್ತು ಇಷ್ಟು ಗಟ್ಟಿಯಾದದ್ದು ಯಾರೂ ಮಾಡಿಕೊಡುವುದಿಲ್ಲ. ಅದರ ತೊಂದರೆ ಎರಡೇ. ಖಾನೆಗಳ ನಡುವೆ ಅಂತರ ಜಾಸ್ತಿ, ಹ್ಯಾಂಗರ್‌ಗೆ ಆಳ ಸಾಲದು. ಅಂತರಕ್ಕೆ ನಡುವೆ ಒಂದು ಪ್ಲೈವುಡ್ ಹಲಗೆ ಅಥವಾ ಎಳೆಯುವ ಡ್ರಾಯರ್ ಕೂರಿಸಿ. ಹ್ಯಾಂಗರ್‌ಗೆ ಮುಂದಕ್ಕೆ ಎಳೆಯುವ ರಾಡ್ ಬರುತ್ತದೆ, ಅದರಲ್ಲಿ ಬಟ್ಟೆ ನಿಮಗೆ ಎದುರಾಗಿ ಒಂದರ ಹಿಂದೆ ಒಂದು ನಿಲ್ಲುತ್ತದೆ, ಹಾಗಾಗಿ ಆಳ ಕಡಿಮೆಯಿದ್ದರೂ ನಡೆಯುತ್ತದೆ. ಅಂಚು ಒರಟಾಗಿದ್ದರೆ ಪಾಲಿಶ್ ಹೊಡೆಸಿ, ಹೊರಗೆ ಹೊಸ ಬಾಗಿಲು ಹಾಕಿಸಿ. ಅಜ್ಜಿ ಕಾಲದ ಕಬ್ಬಿಣದ ಬೀರುವಿಗೂ ಇದೇ ಮಾತು. ಅದನ್ನು ಮಾರುವ ಬದಲು ಅದರ ಸುತ್ತ ಕಬೋರ್ಡು ಕಟ್ಟಿಸಿ, ಬಾಗಿಲಿಗೆ ಬಣ್ಣ ಹೊಡೆಸಿದರೆ ಲಾಕರ್ ಸಮೇತ ಸಿಕ್ಕಿತು.

ಯಾವ ಪ್ಲೈವುಡ್ ಕೇಳಬೇಕು?

ಬಚ್ಚಲಿನ ಗೋಡೆಗೆ ತಾಗುವ ಕಡೆ ಐಎಸ್ 710 ಮುದ್ರೆ ಇರುವ ಬಿಡಬ್ಲ್ಯುಪಿ (ಕುದಿನೀರಿಗೂ ಜಗ್ಗದ್ದು), ಅದನ್ನೇ ಮೆರೈನ್ ಅನ್ನುತ್ತಾರೆ. ಒಣ ಜಾಗಕ್ಕೆ ಐಎಸ್ 303 ಸಾಕು. ಮುದ್ರೆ ಹಲಗೆಯ ಮೇಲೇ ಇರುತ್ತದೆ, ಕೊಯ್ಯುವ ಮುಂಚೆ ನೋಡಿ, ಲ್ಯಾಮಿನೇಟ್ ಅಂಟಿಸಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತದೆ. ಕಬೋರ್ಡಿನ ಪೆಟ್ಟಿಗೆಗೆ 18 ಎಂಎಂ ದಪ್ಪ, ಹಿಂದಿನ ಹಲಗೆಗೆ 6 ಎಂಎಂ. ಎಲ್ಲ ಅಂಚಿಗೂ ಪಟ್ಟಿ ಅಂಟಿಸಬೇಕು, ಕಣ್ಣಿಗೆ ಕಾಣದ ಕೆಳಗಿನ ಅಂಚಿಗೂ. ಬೆಂಗಳೂರಿನವರಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಒಂದು ಸುತ್ತು ಹಾಕಿ ದರ ವಿಚಾರಿಸಿಕೊಂಡು ಬನ್ನಿ. ಕೊಳ್ಳದಿದ್ದರೂ ಪರವಾಗಿಲ್ಲ, ಕಾರ್ಪೆಂಟರ್ ಹೇಳಿದ ದರ ಹೌದೋ ಅಲ್ಲವೋ ತಿಳಿಯುತ್ತದೆ.

ಅಟ್ಟ ತುಂಬಿ ತುಳುಕುತ್ತಿದೆ. ಗೊಂಬೆ ಪೆಟ್ಟಿಗೆಯೇ ಅರ್ಧ!

ದಸರಾ ಗೊಂಬೆ, ಮೆಟ್ಟಿಲು ಜೋಡಿಸುವ ಹಲಗೆಗಳು, ಗೌರಿ ಗಣೇಶ ಮಂಟಪ, ಹಿತ್ತಾಳೆ ಕೊಪ್ಪರಿಗೆ, ಯಾರೋ ಮದುವೆಗೆ ಕೊಟ್ಟ ಡಿನ್ನರ್ ಸೆಟ್, ಸೂಟ್‌ಕೇಸು, ಚಳಿಗಾಲದ ರಜಾಯಿ. ಅಟ್ಟದಲ್ಲಿ ಏನಿದೆ ಅಂತ ಬಹಳ ಜನಕ್ಕೆ ಮರೆತೇ ಹೋಗಿರುತ್ತದೆ. ವರ್ಷಕ್ಕೊಮ್ಮೆ ಇಳಿಸುವುದು ಮಾತ್ರ ಅಟ್ಟಕ್ಕೆ, ತಿಂಗಳಿಗೊಮ್ಮೆ ಬೇಕಾದ್ದು ಕಬೋರ್ಡಿನ ಮೇಲಿನ ಖಾನೆಗೆ. ಯಾವತ್ತೂ ಇಳಿಸದೇ ಇರುವುದನ್ನು ಕೊಟ್ಟುಬಿಡಿ, ಡಿನ್ನರ್ ಸೆಟ್ಟೂ ಸೇರಿ.

ಗೊಂಬೆಗಳನ್ನು ಹಳೇ ಪಂಚೆ ತುಂಡಿನಲ್ಲಿ ಸುತ್ತಿ, ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ಯಾವುದರಲ್ಲಿ ಪಟ್ಟದ ಗೊಂಬೆ, ಯಾವುದರಲ್ಲಿ ದಶಾವತಾರ ಅಂತ ಚೀಟಿ ಅಂಟಿಸಿ. ಪೂರ್ತಿ ಪಟ್ಟಿಯನ್ನು ಅಟ್ಟದ ಬಾಗಿಲ ಒಳಗೆ ಅಂಟಿಸಿ. ಅಟ್ಟ ಮಾಡಿಸುವಾಗ ಬಾಗಿಲು ಪೂರ್ತಿ ಅಗಲಕ್ಕೆ ತೆರೆಯಲಿ, ನಡುವೆ ಕಂಬ ನಿಲ್ಲಿಸಿದರೆ ದೊಡ್ಡ ಪೆಟ್ಟಿಗೆ ಒಳಗೆ ಹೋಗುವುದಿಲ್ಲ.

ಮಳೆಗಾಲದಲ್ಲಿ ಕಬೋರ್ಡಿನ ಬಟ್ಟೆಗೆ ಬೂಷ್ಟು. ಏನು ಪರಿಹಾರ?

ಕರಾವಳಿ, ಮಲೆನಾಡಿನವರು ಇದನ್ನೇ ಹೆಚ್ಚು ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯದ ಗೋಡೆಗೆ. ಆ ಗೋಡೆಗೆ ಕಬೋರ್ಡು ಒರಗಿಸಬೇಡಿ, ಒಳಗಿನ ಗೋಡೆ ಆರಿಸಿಕೊಳ್ಳಿ. ಬಾಗಿಲಿನ ಮೇಲೂ ಕೆಳಗೂ ಗಾಳಿ ಕಿಂಡಿ ಬಿಡಿಸಿ, ತಳವನ್ನು ನೆಲದಿಂದ 4 ಇಂಚು ಎತ್ತರಿಸಿ, ಒರೆಸುವ ನೀರು ತಾಗದ ಹಾಗೆ. ಅರೆಬರೆ ಒಣಗಿದ ಬಟ್ಟೆಯನ್ನು ಒಳಗಿಡುವುದೇ ಅರ್ಧ ತೊಂದರೆಗೆ ಕಾರಣ.

ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಜರಿ ಅದೇ ಗೆರೆಯಲ್ಲಿ ಮುರಿಯುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಲಾವಂಚದ ಬೇರು, ಒಣಗಿದ ಬೇವಿನ ಎಲೆ ಚೀಲದಲ್ಲಿ ಕಟ್ಟಿಡುವ ರೂಢಿ ಇದ್ದರೆ ಮುಂದುವರಿಸಿ, ಕಡೇಪಕ್ಷ ವಾಸನೆಯಾದರೂ ಚೆನ್ನಾಗಿರುತ್ತದೆ.

ಖರ್ಚು ಎಷ್ಟಾಗುತ್ತೆ?

ದರ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಅದಕ್ಕೇ ಲೆಕ್ಕ ಹಾಕುವ ರೀತಿ ಹೇಳುತ್ತೇವೆ. 5x8 ಬಚ್ಚಲಿನ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ ಟೈಲ್ಸ್ ಅಂದರೆ 182 ಚದರಡಿ, ಬಾಗಿಲು ಕಳೆದರೆ ಸುಮಾರು 165. ನೆಲ 40. ಒಟ್ಟು 205, ಕೊಯ್ದು ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ, 225. ಇದರ ಮೇಲೆ ಒಂದು ಬಾಕ್ಸ್ ಜಾಸ್ತಿ ತಂದು ಅಟ್ಟದಲ್ಲಿಡಿ, ನಾಳೆ ಒಂದು ಟೈಲ್ ಒಡೆದರೆ ಅದೇ ಶೇಡ್ ಸಿಗುವುದಿಲ್ಲ.

ಕಬೋರ್ಡಿನ ದರ ಸಾಮಾನ್ಯವಾಗಿ ಎದುರಿನ ಚದರಡಿ ಲೆಕ್ಕ. 7 ಅಡಿ ಅಗಲ, 7 ಅಡಿ ಎತ್ತರ ಅಂದರೆ 49 ಚದರಡಿ. ಮೇಲಿನ ಅಟ್ಟ ಬೇರೆ ದರವಾ, ಡ್ರಾಯರ್ ಅದರಲ್ಲೇ ಸೇರಿದೆಯಾ, ಒಳಗೂ ಲ್ಯಾಮಿನೇಟ್ ಇದೆಯಾ, ಕೀಲು, ಚಾನೆಲ್ ಯಾವುದು, ಎಲ್ಲ ಕಾಗದದ ಮೇಲೆ ಬರೆಸಿಕೊಳ್ಳಿ. ಒಬ್ಬರು ಕಡಿಮೆ ದರ ಹೇಳಿದರು ಅಂತ ಖುಷಿಪಡುವ ಮುಂಚೆ ಅವರು ಏನನ್ನು ಬಿಟ್ಟಿದ್ದಾರೆ ನೋಡಿ. ಡೆಬ್ರಿಸ್ ಸಾಗಿಸುವ ಖರ್ಚು ಕೊಟೇಷನ್‌ನಲ್ಲಿ ಮೊದಲು ಕಾಣೆಯಾಗುವ ಸಾಲು. ದುಡ್ಡನ್ನು ಕೆಲಸ ಮುಗಿದ ಹಾಗೆ ಕಂತಿನಲ್ಲಿ ಕೊಡಿ, ಕೊನೆಯ ಹತ್ತರಲ್ಲೊಂದು ಭಾಗವನ್ನು ಹದಿನೈದು ದಿನ ಬಳಸಿ ನೋಡಿದ ಮೇಲೆ.

ಅಪಾರ್ಟ್‌ಮೆಂಟ್‌ನಲ್ಲಿ ಯಾರ ಅನುಮತಿ ಬೇಕು?

ಅಸೋಸಿಯೇಷನ್‌ಗೆ ಮೊದಲೇ ಬರೆದು ಕೊಡಿ. ಕೆಲಸದ ಸಮಯ, ಸರ್ವಿಸ್ ಲಿಫ್ಟ್, ಡೆಪಾಸಿಟ್, ಮಣ್ಣಿನ ಮೂಟೆ ಎಲ್ಲಿಡಬೇಕು ಅನ್ನುವುದಕ್ಕೆಲ್ಲ ಅವರ ನಿಯಮ ಇರುತ್ತದೆ. ಆ ಮೂಟೆಗಳನ್ನು ದಿನದ ಕಸದ ಗಾಡಿಗೆ ಹಾಕುವ ಹಾಗಿಲ್ಲ, ಬೇರೆಯೇ ಸಾಗಿಸಬೇಕು. ಡಕ್ಟ್, ಹೊರಗೋಡೆ ಎಲ್ಲರದ್ದು, ಅಲ್ಲಿ ಪೈಪು ಮುಟ್ಟುವುದಾದರೆ ಒಪ್ಪಿಗೆ ಬೇಕೇ ಬೇಕು.

ಹೊಸ ಫ್ಲ್ಯಾಟ್ ಆಗಿದ್ದು ಬಚ್ಚಲು ಸೋರುತ್ತಿದ್ದರೆ ಸ್ವಂತ ಖರ್ಚಿನಲ್ಲಿ ಒಡೆಸುವ ಮುಂಚೆ ತಡೆಯಿರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ಗುಣಮಟ್ಟದ ದೋಷ ಕಂಡು ಬರೆದು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ಉಚಿತವಾಗಿ ಸರಿಮಾಡಿಕೊಡಬೇಕು. ನೀವೇ ಒಡೆಸಿಬಿಟ್ಟರೆ ಅವರಿಗೊಂದು ನೆಪ ಸಿಗುತ್ತದೆ. ಫೋಟೋ ತೆಗೆದು, ಇಮೇಲ್ ಹಾಕಿ, ಆಮೇಲೆ ಮುಂದಿನ ಮಾತು.

ಎಷ್ಟು ದಿನ ಹಿಡಿಯುತ್ತೆ? ಒಂದೇ ಬಚ್ಚಲು ಇರೋದು.

ಒಂದು ಬಚ್ಚಲಿಗೆ ಎರಡರಿಂದ ಮೂರು ವಾರ. ಒಡೆಯುವುದು ಎರಡು ಮೂರು ದಿನದ ಕೆಲಸ, ಉಳಿದದ್ದೆಲ್ಲ ಕಾಯುವುದು. ಒಂದೇ ಬಚ್ಚಲಾದರೆ ಪಕ್ಕದ ಮನೆಯವರನ್ನೋ ನೆಂಟರನ್ನೋ ಮೊದಲೇ ಕೇಳಿಟ್ಟುಕೊಳ್ಳಿ, ಹಬ್ಬ, ಮದುವೆ, ಮಕ್ಕಳ ಪರೀಕ್ಷೆ ಹತ್ತಿರ ಇಟ್ಟುಕೊಳ್ಳಬೇಡಿ. ಟೈಲ್ಸ್, ನಲ್ಲಿ, ಕಮೋಡು ಎಲ್ಲ ಮನೆಗೆ ಬಂದ ಮೇಲೇ ಸುತ್ತಿಗೆ ಎತ್ತಿಸಿ. ಸಾಮಾನು ಬಂದಿಲ್ಲ ಅಂತ ಮೇಸ್ತ್ರಿ ಬೇರೆ ಕೆಲಸಕ್ಕೆ ಹೋದರೆ ಮತ್ತೆ ಹಿಡಿಯುವುದು ಕಷ್ಟ.

ನಾವು ಬಾಡಿಗೆ ಮನೆಯಲ್ಲಿದ್ದೇವೆ. ನಮಗೇನೂ ಇಲ್ವಾ?

ಇದೆ. ಗೋಡೆ ಮುಟ್ಟದೆ ಮಾಡುವಂಥದ್ದು. ಕಮೋಡಿನ ಮೇಲೆ ನಿಲ್ಲುವ ಸ್ಟೀಲ್ ರ್‍ಯಾಕ್, ಬಾಗಿಲಿಗೆ ಮೇಲಿನಿಂದ ಸಿಕ್ಕಿಸುವ ಕೊಕ್ಕೆ ಸಾಲು, ಎರಡು ಗೋಡೆ ನಡುವೆ ಬಿಗಿದು ನಿಲ್ಲುವ ರಾಡ್, ಕಬೋರ್ಡಿನ ಎತ್ತರದ ಖಾನೆಯನ್ನು ಎರಡು ಮಾಡುವ ತಂತಿ ಸ್ಟ್ಯಾಂಡು, ಮಂಚದ ಕೆಳಗೆ ಚಕ್ರದ ಪೆಟ್ಟಿಗೆ. ಮನೆ ಬಿಡುವಾಗ ಎಲ್ಲ ನಿಮ್ಮ ಜೊತೆಗೇ ಬರುತ್ತದೆ. ಗೋಡೆ ಕೊರೆಯಲೇಬೇಕು ಅಂದರೆ ಓನರ್ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ವಾಟ್ಸಾಪ್‌ನಲ್ಲಿ ತಗೊಳ್ಳಿ. ಬಚ್ಚಲು ಸೋರುತ್ತಿದ್ದರೆ ಅದನ್ನು ನಿಮ್ಮ ದುಡ್ಡಿನಲ್ಲಿ ಸರಿಮಾಡಿಸಲು ಹೋಗಬೇಡಿ, ಕಬೋರ್ಡಿನ ಹಿಂದಿನ ಹಲಗೆಯ ಫೋಟೋ ತೆಗೆದು ಅವರಿಗೇ ಕಳಿಸಿ.